ನೀರಾವರಿ ಮಂತ್ರಿಗೆ ಉತ್ತರ ಕೊಡುವವರು ಯಾರು?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ದೋಸೆ ಬಿಟ್ಟು ಇಲ್ಲಿಗೆ ಬಂದಿದ್ದೀರಿ. ಹಾಗಾಗಿ ಪೀಠಿಕೆ ಇಲ್ಲದೆ ಶುರು ಮಾಡುತ್ತೇನೆ.

2015ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆಗೆ, ಅಂದರೆ ಬಿಬಿಎಂಪಿಗೆ, ಚುನಾವಣೆ ನಡೆಯಿತು. ಆಗ 198 ವಾರ್ಡ್. ಗೆದ್ದವರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ಆಡಳಿತಾಧಿಕಾರಿ ಬಂದರು. ವಾರ್ಡ್‌ಗಳನ್ನು 243 ಮಾಡಿದರು, ಮತ್ತೆ 225ಕ್ಕೆ ಇಳಿಸಿದರು, ಕೋರ್ಟಿಗೆ ಅಲೆದರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಆ ಹತ್ತು ವರ್ಷದಲ್ಲಿ ನಡೆಯದೇ ಉಳಿದದ್ದು ಮತದಾನ. 2015ರಲ್ಲಿ ಹದಿನೇಳು ವರ್ಷವಿದ್ದ ಹುಡುಗಿ ಓದು ಮುಗಿಸಿ, ಕೆಲಸಕ್ಕೆ ಸೇರಿ ಇಪ್ಪತ್ತೇಳಕ್ಕೆ ಬಂದಳು. ತನ್ನ ಬೀದಿಯ ಚರಂಡಿ ಬಗ್ಗೆ ಕೇಳಬಹುದಾದ ಒಬ್ಬ ಕಾರ್ಪೊರೇಟರನ್ನು ಆರಿಸುವ ಅವಕಾಶ ಮಾತ್ರ ಅವಳಿಗೆ ಸಿಗಲಿಲ್ಲ. ಈಗಿನ ಹುಡುಗರಿಗೆ ರಾಜಕೀಯದಲ್ಲಿ ಆಸಕ್ತಿ ಇಲ್ಲ ಅಂತ ನಾವು ಹಿರಿಯರು ಬೈಯುತ್ತೇವೆ. ಆಸಕ್ತಿ ಎಲ್ಲಿಂದ ಬರಬೇಕು ಹೇಳಿ?

ಕಾಲೇಜಿನಲ್ಲೂ ಅದೇ ಕಥೆ. ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು 1990ರ ಆಸುಪಾಸಿನಲ್ಲಿ ನಿಂತುಹೋದವು. ಹೊಡೆದಾಟ, ದುಡ್ಡು, ಹೊರಗಿನ ಪುಢಾರಿಗಳ ಕೈವಾಡ ಎಂದು ಕಾರಣ ಕೊಟ್ಟರು. ಅವು ಸುಳ್ಳಲ್ಲ. ಆದರೆ ಅದೇ ಕಾರಣಕ್ಕೆ ವಿಧಾನಸಭೆ ಚುನಾವಣೆಯನ್ನು ಯಾರೂ ನಿಲ್ಲಿಸಲಿಲ್ಲ, ಅಲ್ವಾ? ಈಗ ಸಿ.ಆರ್., ಅಂದರೆ ತರಗತಿ ಪ್ರತಿನಿಧಿ, ಇದ್ದಾರೆ. ಹೆಚ್ಚಿನ ಕಡೆ ಮೇಷ್ಟ್ರೇ ಆರಿಸಿದ, ಒಳ್ಳೆ ಮಾರ್ಕ್ಸ್ ತೆಗೆಯುವ, ಎದುರು ಮಾತಾಡದ ಹುಡುಗ ಅಥವಾ ಹುಡುಗಿ. ವಾಟ್ಸ್‌ಆ್ಯಪ್ ಗ್ರೂಪಿಗೆ ನೋಟಿಸ್ ಹಾಕುವುದು ಅವರ ಕೆಲಸ. ಆಫೀಸಿನ ಮಾತು ಕ್ಲಾಸಿಗೆ ಬರುತ್ತದೆ. ಕ್ಲಾಸಿನ ಮಾತು ಆಫೀಸಿಗೆ ಹೋಗುವುದು ಕಡಿಮೆ.

ಹೊಡೆದಾಟಕ್ಕೆ ಮದ್ದು ಇರಲಿಲ್ಲವೇ? ಇತ್ತು. ಹಿಂದೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೊ ಅವರ ಸಮಿತಿ 2006ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಇದನ್ನು ಜಾರಿ ಮಾಡಿ ಎಂದಿತು. ಅಭ್ಯರ್ಥಿ 5,000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ. 75% ಹಾಜರಿ ಇರಬೇಕು. ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲ ಹತ್ತು ದಿನದಲ್ಲಿ ಮುಗಿಯಬೇಕು. ಅಚ್ಚು ಹಾಕಿಸಿದ ಪೋಸ್ಟರ್ ಇಲ್ಲ, ಕೈಯಲ್ಲಿ ಬರೆದದ್ದು ಮಾತ್ರ. ರೀಲ್ಸ್ ಕಾಲದಲ್ಲಿ ಈ ಕೊನೆಯ ನಿಯಮ ಕೇಳಿ ನೀವು ನಗುತ್ತೀರಿ, ಗೊತ್ತು. ವಾತಾವರಣ ಸರಿಯಿಲ್ಲದ ಕಡೆ ಸದ್ಯಕ್ಕೆ ನಾಮನಿರ್ದೇಶನ ಇರಲಿ, ಆದರೆ ಐದು ವರ್ಷದೊಳಗೆ ಚುನಾವಣೆಗೆ ಬನ್ನಿ ಎಂದೂ ಸಮಿತಿ ಹೇಳಿತ್ತು. ಆ ಐದು ವರ್ಷ ಮುಗಿದು ಎಷ್ಟು ಕಾಲವಾಯಿತು ಅಂತ ನೀವೇ ಲೆಕ್ಕ ಹಾಕಿ.

ಹಾಗಾದರೆ ಚುನಾವಣೆ ನಡೆಸಿಬಿಟ್ಟರೆ ಸಾಕೇ? ನನ್ನ ತಕರಾರು ಶುರುವಾಗುವುದೇ ಇಲ್ಲಿ.

ನಿಮ್ಮಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಶಾಲಾ ಸಂಸತ್ತು ನೆನಪಿರುತ್ತದೆ. ನಾಮಪತ್ರ, ಪ್ರಚಾರ, ಬೆರಳಿಗೆ ಶಾಯಿ, ಎಲ್ಲ ಇರುತ್ತದೆ. ಆರೋಗ್ಯ ಮಂತ್ರಿ, ಆಹಾರ ಮಂತ್ರಿ, ಪ್ರಾರ್ಥನಾ ಮಂತ್ರಿ, ನೀರಾವರಿ ಮಂತ್ರಿ. ಒಳ್ಳೆಯ ಅಭ್ಯಾಸವೇ. ಆದರೆ ಈ ನೀರಾವರಿ ಮಂತ್ರಿಯ ಅಧಿಕಾರ ಏನು? ಗಿಡಕ್ಕೆ ನೀರು ಹಾಕಿಸುವುದು, ಟ್ಯಾಂಕ್ ತುಂಬಿದೆಯಾ ನೋಡುವುದು. ನಲ್ಲಿಯಲ್ಲಿ ಮೂರು ದಿನ ನೀರು ಬರಲಿಲ್ಲ ಅಂತಿಟ್ಟುಕೊಳ್ಳಿ. ಅವನು ಯಾರನ್ನು ಕೇಳಬೇಕು? ಕೇಳಿದರೆ ಉತ್ತರ ಕೊಡಲೇಬೇಕಾದವರು ಯಾರು? ಯಾರೂ ಇಲ್ಲ. ಗೆದ್ದದ್ದು ನಿಜವಾದ ಚುನಾವಣೆ, ಕೂತದ್ದು ಬೊಂಬೆ ಕುರ್ಚಿ.

ಇದಕ್ಕೆ ಬೇರೆ ದಾರಿ ಇದೆ ಅಂತ ತೋರಿಸಿದ್ದು ನಮ್ಮ ರಾಜ್ಯದ ಮಕ್ಕಳೇ. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳ ಪಂಚಾಯ್ತಿ ಎಂಬ ಪ್ರಯೋಗ ಶುರುವಾಯಿತು. ಅದರ ಹಿಂದಿದ್ದದ್ದು ದುಡಿಯುವ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದ ಬೆಂಗಳೂರಿನ ಒಂದು ಸಂಸ್ಥೆ ಮತ್ತು ಆ ಮಕ್ಕಳೇ ಕಟ್ಟಿಕೊಂಡ ಭೀಮ ಸಂಘ. ಮಕ್ಕಳು ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸಿಕೊಂಡರು. ಅಲ್ಲಿಗೆ ನಿಲ್ಲಲಿಲ್ಲ. ಆ ಮಕ್ಕಳು ಪಂಚಾಯ್ತಿಯ ಹಿರಿಯರು ಮತ್ತು ಅಧಿಕಾರಿಗಳ ಎದುರು ಕೂತು ಮಾತಾಡುವ ಏರ್ಪಾಟನ್ನೂ ಮಾಡಿದರು. ಮಕ್ಕಳು ಏನು ಕೇಳಿದರು? ಆಟದ ಮೈದಾನ ಕೇಳುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಅವರು ಕಾಲುಸಂಕದ ಮಾತು ಎತ್ತಿದರು. ಕರಾವಳಿ ಮಳೆ ಗೊತ್ತಲ್ಲ, ಹಳ್ಳ ತುಂಬಿ ಹರಿಯುವಾಗ ಒಂದೆರಡು ಮರದ ದಿಮ್ಮಿ ಹಾಕಿದ ಸಂಕದ ಮೇಲೆ ಪುಸ್ತಕದ ಚೀಲ ಹೊತ್ತು ದಾಟಬೇಕು. ಅದು ಎಲ್ಲಿ ಬಿರುಕು ಬಿಟ್ಟಿದೆ, ಯಾವ ಸಂಕಕ್ಕೆ ಕೈಹಿಡಿ ಇಲ್ಲ ಅನ್ನುವುದು ದಿನಾ ದಾಟುವವರಿಗೇ ಗೊತ್ತು. 2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯ್ತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕು ಎಂದು ಸುತ್ತೋಲೆ ಹೊರಡಿಸಿತು. ಎಲ್ಲ ಕಡೆ ಚೆನ್ನಾಗಿ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಬಹಳ ಕಡೆ ಬಿಸ್ಕತ್ತು, ಭಾಷಣ, ಫೋಟೊ. ಆದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ಎದ್ದು ನಿಂತು, ಹೋದ ವರ್ಷ ನೀವು ಕೇಳಿದ್ದರಲ್ಲಿ ಇಷ್ಟು ಆಯಿತು, ಇಷ್ಟು ಆಗಲಿಲ್ಲ, ಕಾರಣ ಇದು ಅಂತ ಹೇಳುವ ಕಡೆ ಸಭೆಗೆ ಜೀವ ಬರುತ್ತದೆ.

ಈಗ ಬ್ರಿಟನ್ನಿನ ಯೂತ್ ಪಾರ್ಲಿಮೆಂಟ್ ನೋಡಿ. 1999ರಲ್ಲಿ ಶುರುವಾದದ್ದು. 11ರಿಂದ 18ರ ವಯಸ್ಸಿನವರು ಅದರ ಸದಸ್ಯರು. 2009ರ ಅಕ್ಟೋಬರ್‌ನಲ್ಲಿ ಅವರು ಹೌಸ್ ಆಫ್ ಕಾಮನ್ಸ್‌ನ ಅದೇ ಹಸಿರು ಬೆಂಚುಗಳ ಮೇಲೆ ಕೂತು ಚರ್ಚೆ ಮಾಡಿದರು. ಸಂಸದರಲ್ಲದವರು ಅಲ್ಲಿ ಹಾಗೆ ಕೂತದ್ದು ಅದೇ ಮೊದಲು. ಅವರಿಗೆ ಕಾನೂನು ಮಾಡುವ ಅಧಿಕಾರ ಇಲ್ಲ. ಆದರೂ ಹದಿನಾರಕ್ಕೇ ಮತದಾನದ ಹಕ್ಕು ಬೇಕು ಎಂಬ ಬೇಡಿಕೆಯನ್ನು ವರ್ಷಗಟ್ಟಲೆ ಬಿಡದೆ ಹೇಳಿದವರಲ್ಲಿ ಅವರೂ ಇದ್ದರು. ಸ್ಕಾಟ್ಲೆಂಡಿನ 2014ರ ಜನಮತಗಣನೆಯಲ್ಲಿ ಹದಿನಾರು, ಹದಿನೇಳರ ಹುಡುಗರು ಮತ ಹಾಕಿದರು. 2025ರಲ್ಲಿ ಬ್ರಿಟನ್ ಸರ್ಕಾರವೇ ಸಂಸತ್ ಚುನಾವಣೆಗೂ ಇದನ್ನು ತರುತ್ತೇವೆ ಎಂದಿತು. ಯುವ ಸಂಸತ್ತಿನಿಂದಲೇ ಇಷ್ಟೆಲ್ಲ ಆಯಿತು ಅಂದರೆ ಉತ್ಪ್ರೇಕ್ಷೆ. ಕೇಳುತ್ತಲೇ ಇರಲು ಒಂದು ಜಾಗ ಇತ್ತು, ಅಷ್ಟು ಹೇಳಬಹುದು.

ಬೆಂಗಳೂರಿನಲ್ಲಿ ಆ ಜಾಗ ಯಾವುದು? ವಾರ್ಡ್ ಸಮಿತಿ ಅಂತ ನನ್ನ ಅಭಿಪ್ರಾಯ. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ನಗರದಲ್ಲಿ ಇದು ಇರಬೇಕು ಎಂದು ಸಂವಿಧಾನವೇ ಹೇಳುತ್ತದೆ. ಬಿಬಿಎಂಪಿ ಕಾಲದ ಸಮಿತಿಗಳಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿಗಳ ಸಂಘಗಳಿಗೆ ಜಾಗ ಇತ್ತು. ಸಂಘಗಳಿಂದ ಬರುವವರು ಹೆಚ್ಚಾಗಿ ನಿವೃತ್ತರು. ಅವರ ಮೇಲೆ ನನಗೆ ಕೋಪವಿಲ್ಲ, ಬಿಡುವು ಇರುವವರು ಬರುತ್ತಾರೆ. ಆದರೆ ಪಿ.ಜಿ.ಯಲ್ಲಿರುವ ಹುಡುಗಿ, ಡೆಲಿವರಿ ಮಾಡುವ ಹುಡುಗ, ರಾತ್ರಿ ಬೀದಿದೀಪ ಇಲ್ಲದ ರಸ್ತೆಯಲ್ಲಿ ಬಸ್ ಸ್ಟಾಪಿನಿಂದ ನಡೆದು ಬರುವವರು, ಇವರ ಮಾತು ಅಲ್ಲಿಗೆ ಹೋಗುವುದಿಲ್ಲ. ಪ್ರತಿ ಸಮಿತಿಯಲ್ಲಿ ಹದಿನಾರರಿಂದ ಇಪ್ಪತ್ನಾಲ್ಕರ ಒಳಗಿನ ಇಬ್ಬರು ಇರಲಿ. ಅವರನ್ನು ವಾರ್ಡಿನ ಅದೇ ವಯಸ್ಸಿನವರು ಆರಿಸಲಿ, ಕಾರ್ಪೊರೇಟರ್ ಹೆಸರಿಸುವುದು ಬೇಡ. ಇನ್ನೊಂದು ಷರತ್ತು. ಅವರು ಎತ್ತಿದ ಪ್ರಶ್ನೆಗೆ ಮುಂದಿನ ಸಭೆಯೊಳಗೆ ಇಂಜಿನಿಯರ್ ಬರಹದಲ್ಲಿ ಉತ್ತರ ಕೊಡಬೇಕು. ಆಗುವುದಿಲ್ಲ ಅಂತ ಬರೆದರೂ ಪರವಾಗಿಲ್ಲ. ಎರಡರಲ್ಲಿ ಒಂದೇ ಸಿಗುತ್ತದೆ ಅಂದರೆ ನಾನು ಕುರ್ಚಿ ಬಿಟ್ಟು ಆ ಉತ್ತರವನ್ನೇ ಆರಿಸಿಕೊಳ್ಳುತ್ತೇನೆ.

ಪಾಲಿಕೆ ಚುನಾವಣೆಗೆ ಇಪ್ಪತ್ತೊಂದಕ್ಕೇ ನಿಲ್ಲಬಹುದು, ವಿಧಾನಸಭೆಯ ಹಾಗೆ ಇಪ್ಪತ್ತೈದರವರೆಗೆ ಕಾಯಬೇಕಿಲ್ಲ. 2020ರಲ್ಲಿ ತಿರುವನಂತಪುರದ ಮೇಯರ್ ಆದ ಆರ್ಯಾ ರಾಜೇಂದ್ರನ್ ಅವರಿಗೆ ಆಗ ಇಪ್ಪತ್ತೊಂದೇ ವರ್ಷ. ಹದಿನೇಳು ತುಂಬಿದವರು ಮತದಾರರ ಪಟ್ಟಿಗೆ ಮುಂಚಿತವಾಗಿ ಫಾರಂ 6 ಕೊಡಬಹುದು, ಹದಿನೆಂಟು ತುಂಬಿದೆಯೇ ಎಂದು ಲೆಕ್ಕ ಹಿಡಿಯಲು ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಹೊರಗಿನ ಮೇಜಿನ ಮೇಲೆ ಫಾರಂಗಳಿವೆ, ತೆಗೆದುಕೊಳ್ಳಿ.

ಇನ್ನು ನಿಮ್ಮ ಪ್ರಶ್ನೆಗಳು. ಮೈಕನ್ನು ಮೊದಲು ಹಿಂದಿನ ಸಾಲಿಗೆ ಕೊಡಿ.