ಹಗುರ ಅಂದರೆ ಯಾರಿಗೆ ಹಗುರ?

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಗೆ ಬಂದು ಕಂಪ್ಯೂಟರ್ ಓದುವ ಮಕ್ಕಳ ಮುಂದೆ ನಿಂತರೆ ವೆಬ್ ಆ್ಯಪ್, ಅಂದರೆ ಬ್ರೌಸರಿನ ತಂತ್ರದಲ್ಲೇ ನಡೆಯುವ ಸಾಫ್ಟ್‌ವೇರ್, ಈ ವಿಷಯ ಬಿಟ್ಟು ಬೇರೆ ಮಾತು ನನಗೆ ಹೊಳೆಯುವುದಿಲ್ಲ.

ಮೈಕ್ರೋಸಾಫ್ಟಿನ ಇಮೇಲ್ ಆ್ಯಪ್, ಹೊಸ ಔಟ್‌ಲುಕ್ ತೆರೆದು ನೋಡಿದ್ದೀರಿ, ಅಲ್ವಾ? ಹೊರಗೆ ವಿಂಡೋಸ್ ಸಾಫ್ಟ್‌ವೇರ್, ಒಳಗೆ ವೆಬ್ ಪುಟ. 2024ರ ಕೊನೆಗೆ ಮೈಕ್ರೋಸಾಫ್ಟ್ ವಿಂಡೋಸಿನ ಹಳೆಯ ಮೇಲ್ ಆ್ಯಪ್ ನಿಲ್ಲಿಸಿ, ಎಲ್ಲರಿಗೂ ಇದನ್ನೇ ತೋರಿಸಿತು. ಒಂದು ಸಲ ಕೋಡ್ ಬರೆದರೆ ಬ್ರೌಸರಿಗೂ ಆಯಿತು, ವಿಂಡೋಸಿಗೂ ಆಯಿತು. ಕಂಪನಿಗೆ ಹಗುರವೇ. ಆದರೆ ಹಿಂದೆ ವೆಬ್ ಪುಟ ತೋರಿಸುವ ಒಂದು ಬ್ರೌಸರ್ ಎಂಜಿನ್ ಓಡುತ್ತಿರುತ್ತದೆ. 4 ಜಿಬಿ ಮೆಮೊರಿಯ ಮಷೀನ್ ಏದುಸಿರು ಬಿಡುತ್ತದೆ. ಹಾಗಾದರೆ ಯಾರಿಗೆ ಹಗುರ?

ಈ ಕಂಪನಿಗೆ ವೆಬ್ ಹೊಸದೇನಲ್ಲ. ಇಡೀ ಪುಟ ಮತ್ತೆ ತರಿಸದೆ ಬೇಕಾದಷ್ಟು ಮಾಹಿತಿ ಮಾತ್ರ ತರಿಸುವ ಉಪಾಯ ಹುಟ್ಟಿದ್ದೇ ಅವರ ಔಟ್‌ಲುಕ್ ವೆಬ್ ತಂಡದಲ್ಲಿ. 1999ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಅದು ಹೊರಬಂತು. ಬೆಳೆ ತೆಗೆದದ್ದು ಮಾತ್ರ ಗೂಗಲ್: 2004ಕ್ಕೆ ಜಿಮೇಲ್, ಮರುವರ್ಷ ಮ್ಯಾಪ್ಸ್. 2005ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟಿನ ತಂತ್ರಜ್ಞಾನ ಮುಖ್ಯಸ್ಥರಲ್ಲಿ ಒಬ್ಬರಾದ ರೇ ಓಝಿ ಕಂಪನಿಯೊಳಗೆ ಉದ್ದನೆಯ ಪತ್ರ ಬರೆದು, ವೆಬ್‌ನಲ್ಲಿ ನಾವು ಹಿಂದೆ ಬೀಳುತ್ತಿದ್ದೇವೆ ಎಂದು ಎಚ್ಚರಿಸಿದರು. ಆದರೂ ಬ್ರೌಸರಿನಲ್ಲಿ ವರ್ಡ್, ಎಕ್ಸೆಲ್ ಬಂದದ್ದು 2010ಕ್ಕೆ. ಡಬ್ಬಿಯಲ್ಲಿ ಮಾರುವ ಎಂಎಸ್ ಆಫೀಸಿನಿಂದ ಕೈತುಂಬ ದುಡ್ಡು ಬರುತ್ತಿತ್ತು. ಅವಸರ ಯಾಕೆ ಬೀಳುತ್ತಾರೆ?

ಇಲ್ಲಿ ಒಂದು ಘಟನೆ ಹೇಳಲೇಬೇಕು. ನವನಗರದಲ್ಲಿ ನಮ್ಮಣ್ಣನ ಡಿಟಿಪಿ ಅಂಗಡಿ ಇದೆ. ಮದುವೆ ಸೀಸನ್. ಹುನಗುಂದ ಕಡೆಯ ಅಜ್ಜ ಒಬ್ಬರು ಮೊಮ್ಮಗಳ ಲಗ್ನಪತ್ರಿಕೆ ಮಾಡಿಸಲು ಬಂದಿದ್ದರು. ಅಂಗಡಿಯ ಹುಡುಗ ಯಾವುದೋ ವೆಬ್ ಆ್ಯಪಿನಲ್ಲಿ ಟೈಪ್ ಮಾಡುತ್ತಿದ್ದ. ‘ಸುಖಾಗಮನ ಬಯಸುವವರು’ ಅಂತ ಶುರುವಾಗಿ ದೊಡ್ಡಪ್ಪ, ಕಾಕಾ, ಬೀಗರು, ಒಂದು ನಲವತ್ತು ಹೆಸರು. ನಮ್ಮ ಕಡೆ ಒಂದು ಹೆಸರು ಬಿಟ್ಟುಹೋದರೂ ಆ ಮನೆಯವರು ಮದುವೆಗೆ ಬರುವುದಿಲ್ಲ, ನಿಮಗೇ ಗೊತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಇತ್ತು, ಕಂಪ್ಯೂಟರ್ ಉಳಿಯಿತು. ನೆಟ್ ಉಳಿಯಲಿಲ್ಲ. ಚಕ್ರ ಸುತ್ತಿತು, ಸುತ್ತಿತು. ಹುಡುಗ ಗಾಬರಿಯಾಗಿ ರಿಫ್ರೆಶ್ ಒತ್ತಿದ. ನಲವತ್ತು ಹೆಸರೂ ಹೋದವು.

“ತಮ್ಮಾ, ನಾ ಹೇಳಿದ್ದೆಲ್ಲ ಎಲ್ಲಿ ಹೋತು?”

ಅವನ ಹತ್ತಿರ ಉತ್ತರ ಇರಲಿಲ್ಲ. ಅಜ್ಜ ಸಿಟ್ಟಾಗಲಿಲ್ಲ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಸೋದರಮಾವನಿಂದ ಮತ್ತೆ ಶುರು ಮಾಡಿದರು. ಹುಡುಗ ಈ ಸಲ ಹಾಳೆಯ ಮೇಲೆ ಬರೆದುಕೊಂಡ.

ಆ ಹಾಳೆ ಮಾಡಿದ ಕೆಲಸವನ್ನು ಬ್ರೌಸರ್ ಮಾಡಬಲ್ಲದು! ಬರೆದದ್ದನ್ನು ಮೊದಲು ಮಷೀನಿನಲ್ಲೇ ಇಟ್ಟುಕೊಂಡು, ನೆಟ್ ಬಂದ ಮೇಲೆ ಸರ್ವರಿಗೆ ಕಳಿಸಬಹುದು. ನೆಟ್ ಇಲ್ಲದಾಗಲೂ ಪುಟ ತೆರೆಯುವಂತೆ ಮಾಡಲು ಸರ್ವಿಸ್ ವರ್ಕರ್ ಇದೆ, ಅಂದರೆ ಬ್ರೌಸರಿನ ಹಿನ್ನೆಲೆಯಲ್ಲಿ ಓಡುವ ಒಂದು ಸಣ್ಣ ಕೋಡ್. ಹೊಸ ಔಟ್‌ಲುಕ್ ಕೂಡ ಮೊದಮೊದಲು ನೆಟ್ ಇಲ್ಲದೆ ನಡೆಯುತ್ತಿರಲಿಲ್ಲ. ಆ ಅನುಕೂಲವನ್ನು ಆಮೇಲೆ ಒಂದೊಂದಾಗಿ ಸೇರಿಸಿದರು. ಆಮೇಲೆ ಯಾಕೆ? ಮೊದಲೇ ಯಾಕಲ್ಲ? ಅದಕ್ಕೇ ಮತ್ತೆ ಕೇಳುತ್ತೇನೆ, ಯಾರಿಗೆ ಹಗುರ?

ಚೀಟಿ ಬಂತು, ಐದೇ ನಿಮಿಷ ಅಂತೆ. ಸುರಕ್ಷತೆ, ಚಂದಾ ದುಡ್ಡು, ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬರೆದ ಹಳೆಯ ಫೈಲುಗಳನ್ನು ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ಯುನಿಕೋಡಿಗೆ ತರುವುದು, ಇದೆಲ್ಲ ಹೇಳಬೇಕೆಂದಿದ್ದೆ. ಕೊನೆಯದಕ್ಕೇ ಒಂದು ದಿನ ಬೇಕು.

ನಿಮ್ಮ ಪ್ರಾಜೆಕ್ಟುಗಳನ್ನು ನೋಡಬೇಕು. ಊಟ ಮುಗಿಸಿ ಲ್ಯಾಬಿಗೆ ಬನ್ನಿ. ಅರ್ಧ ಫಾರ್ಮ್ ತುಂಬಿ. ರೌಟರ್ ವಯರ್ ನಾನು ಕೀಳುತ್ತೇನೆ.