ಡೌರೊ ಕಣಿವೆ: ಕಲ್ಲು ಒಡೆದು ಮಣ್ಣು ಮಾಡಿಕೊಂಡ ಊರು | ಪೋರ್ಚುಗಲ್ ವ್ಲಾಗ್

ಟ್ರೈನಿನ ಸದ್ದಲ್ಲಿ ನಾನು ಮಾತಾಡಿದ್ದು ಒಂದೂ ಕೇಳಿಸುತ್ತಿಲ್ಲ. ಅದಕ್ಕೆ ರೂಮಿಗೆ ಬಂದು ಮತ್ತೆ ಹೇಳುತ್ತಿದ್ದೇನೆ. ಪೋರ್ಟೊದಿಂದ ಪಿನ್ಯಾವ್‌ಗೆ ಸುಮಾರು ಎರಡೂವರೆ ಗಂಟೆ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ, ನದಿ ಇರುವುದು ಆ ಕಡೆ. ಮೊದಲ ಒಂದು ಗಂಟೆ ಓಡಿಸಿಬಿಟ್ಟಿದ್ದೇನೆ, ಏನೂ ಇಲ್ಲ ಅಲ್ಲಿ. ಹಾಂ, ಇಲ್ಲಿಂದ ನೋಡಿ. ಇದೇ ಡೌರೊ.

ಬೆಳಿಗ್ಗೆ ಪೋರ್ಟೊದಲ್ಲಿ ಜಿಟಿಜಿಟಿ ಮಳೆ, ಇಲ್ಲಿ ಸುಡುವ ಬಿಸಿಲು. ಕಾರಣ ಮರಾವ್ ಬೆಟ್ಟ. 1,415 ಮೀಟರ್ ಎತ್ತರ ಇದೆ, ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡವನ್ನು ತಡೆದು ಅಲ್ಲೇ ಸುರಿಸಿಕೊಳ್ಳುತ್ತದೆ. ತೀರ್ಥಹಳ್ಳಿ ಕಡೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗುಂಬೆಯಲ್ಲಿ ಕೊಡೆ ಹಿಡಿದು ಬಸ್ ಹತ್ತಿ ಚಿತ್ರದುರ್ಗದಲ್ಲಿ ಇಳಿದ ಹಾಗೆ. ಇಲ್ಲೂ ಪೂರ್ವಕ್ಕೆ ಹೋದಷ್ಟೂ ಒಣ. ದ್ರಾಕ್ಷಿ ಪ್ರದೇಶವನ್ನು ಮೂರು ಮಾಡಿರುವುದೂ ಹಾಗೇ. ರೆಗ್ವಾ ಸುತ್ತ ಬೈಶು ಕೊರ್ಗು, ಮಳೆ ಜಾಸ್ತಿ, ಹಳೆಯ ತೋಟಗಳು. ಪಿನ್ಯಾವ್ ಸುತ್ತ ಸೀಮಾ ಕೊರ್ಗು, ಪೋರ್ಟ್ ಅನ್ನುವ ಹೆಸರುವಾಸಿ ಸಿಹಿ ವೈನಿನ ದ್ರಾಕ್ಷಿ ಹೆಚ್ಚಾಗಿ ಇಲ್ಲಿಯದು. ಅದರಾಚೆ ಸ್ಪೇನ್ ಗಡಿವರೆಗೆ ಡೌರೊ ಸುಪೀರಿಯರ್, ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಒಣ. ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ ಅಂತ ಇಲ್ಲಿನವರ ಗಾದೆ. ನಾವು ಹೋಗಿದ್ದು ಆ ಮೂರು ತಿಂಗಳಲ್ಲಿ.

ಊಟದ ಶಾಟ್ ಬಂತು. ಇದರ ಬಗ್ಗೆ ಹೇಳಲೇಬೇಕು. ಕೂತ ತಕ್ಷಣ ಆಲಿವ್, ಬ್ರೆಡ್ಡು, ಬೆಣ್ಣೆ, ಕುರಿ ಹಾಲಿನ ಚೀಸ್ ತಂದಿಟ್ಟರು. ನಾವು ಕೇಳಿರಲಿಲ್ಲ. ಅಕ್ಕ ಅಂದಳು, "ಮುಟ್ಟಬೇಡ ಕಣೋ, ನಾವು ಹೇಳಿದ್ದಲ್ಲ ಇದು." ನಾನು ಅಂದೆ, "ಮನೆಗೆ ಬಂದವರಿಗೆ ಕೊಡೋ ಹಾಗೆ ಕೊಟ್ಟಿದ್ದಾರೆ ಕಣೆ ಅಕ್ಕ, ತಿನ್ನು." ಬಿಲ್ಲಿನಲ್ಲಿ ಅದಕ್ಕೇ ಬೇರೆಯಾಗಿ 11 ಯೂರೋ 50 ಸೆಂಟ್! ಸಾವಿರ ರೂಪಾಯಿ ದಾಟಿತು, ಆಲಿವ್‌ಗೆ! ನನಗೆ ತುಂಬಾ ಬೇಜಾರಾಯಿತು, ದುಡ್ಡಿಗಿಂತ ಜಾಸ್ತಿ ಆ ತಂದಿಟ್ಟ ರೀತಿಗೆ. ಎಲೆಗೆ ಬಡಿಸಿದ್ದು ಅಂದರೆ ನಮಗೆ ಅಂತ ಅಂದುಕೊಂಡು ಬೆಳೆದವರು ನಾವು, ಬಡಿಸಿ ಆಮೇಲೆ ಲೆಕ್ಕ ಹೇಳುವುದು ನಮಗೆ ಗೊತ್ತೇ ಇಲ್ಲ. ಕೇಳಿದ್ದಕ್ಕೆ ಮೆನು ತಂದು ತೋರಿಸಿದರು. ಮೊದಲ ಸಾಲಲ್ಲೇ ಒಂದೊಂದಕ್ಕೂ ಬೆಲೆ ಬರೆದಿದೆ. ಬೇಡ ಅಂದರೆ ವಾಪಸ್ ತಗೊಂಡು ಹೋಗುತ್ತಾರೆ, ಮುಟ್ಟದಿದ್ದರೆ ದುಡ್ಡಿಲ್ಲ. ಪೋರ್ಚುಗಲ್ ತುಂಬಾ ಇದೇ ಪದ್ಧತಿಯಂತೆ. ಆಗಲೂ ನನಗೆ ಸರಿ ಅನ್ನಿಸಲಿಲ್ಲ. ಈಗ ವಿಡಿಯೋ ನೋಡಿದರೆ ಎರಡು ಸಲ ಆಲಿವ್ ಹಾಕಿಕೊಂಡಿದ್ದೇನೆ, ಅಷ್ಟು ರುಚಿ ಇತ್ತು. ನೀವು ಹೋದರೆ ಮೊದಲೇ ಕೇಳಿ, ಆಮೇಲೆ ತಿನ್ನಿ.

ಸರಿ, ಗೋಡೆಗಳು ಬಂದವು. ನಾನು ಇಲ್ಲಿಗೆ ಬಂದಿದ್ದೇ ಇದಕ್ಕೆ. ಈ ಬೆಟ್ಟದಲ್ಲಿ ಮಣ್ಣೇ ಇಲ್ಲ. ಶಿಸ್ಟ್ ಅನ್ನುವ ಕಲ್ಲು, ಪದರ ಪದರವಾಗಿ ಬಿಚ್ಚುತ್ತದೆ. ಅದನ್ನು ಕೈಯಿಂದ ಒಡೆದು ಪುಡಿ ಮಾಡಿ ಮಣ್ಣು ಮಾಡಿಕೊಂಡರು. ಉಳಿದ ಕಲ್ಲಿನಲ್ಲೇ ಗಾರೆ ಇಲ್ಲದೆ ಪಾಗಾರ ಕಟ್ಟಿದರು, ನಮ್ಮ ಅಡಿಕೆ ತೋಟದ ಪಾಗಾರದ ಹಾಗೆ. ಆದರೆ ಇಲ್ಲಿ ನದಿಯಿಂದ ನೆತ್ತಿಯವರೆಗೂ ಅದೇ. ದ್ರಾಕ್ಷಿಯ ಬೇರು ಕಲ್ಲಿನ ಸಂದಿಯಲ್ಲಿ ನೀರು ಹುಡುಕುತ್ತಾ ಆಳಕ್ಕೆ ಇಳಿಯುತ್ತದೆ. ಕಟ್ಟಿದವರಲ್ಲಿ ಸ್ಪೇನಿನ ಗಲೀಸಿಯಾದಿಂದ ಬಂದ ಕೂಲಿಯವರೂ ತುಂಬಾ ಜನ. ಪೋರ್ಟ್ ಬಾಟಲಿ ಮೇಲೆ ಅವರ ಒಬ್ಬರ ಹೆಸರೂ ಇಲ್ಲ, ಇಂಗ್ಲಿಷ್ ವ್ಯಾಪಾರಿಗಳ ಹೆಸರು ಬೇಕಾದಷ್ಟಿದೆ.

ಇಂಗ್ಲಿಷರು ಬಂದದ್ದು ಫ್ರಾನ್ಸ್ ಜೊತೆ ಜಗಳ ಆಗಿ, ಅಲ್ಲಿನ ವೈನ್ ಸಿಗದೆ. 1703ರ ಒಪ್ಪಂದದಲ್ಲಿ ಪೋರ್ಚುಗಲ್ ವೈನಿಗೆ ಸುಂಕ ಕಡಿಮೆಯಾಯಿತು, ವ್ಯಾಪಾರ ಏರಿತು, ಜೊತೆಗೇ ಕಲಬೆರಕೆಯೂ. ಬಣ್ಣ ಬರಲಿ ಅಂತ ಎಲ್ಡರ್ ಗಿಡದ ಹಣ್ಣಿನ ರಸ ಬೆರೆಸುತ್ತಿದ್ದರು. 1756ರಲ್ಲಿ ಪೊಂಬಾಲ್ ಅನ್ನುವ ಪೋರ್ಚುಗಲ್ ಮಂತ್ರಿ ವೈನ್ ವ್ಯಾಪಾರಕ್ಕೆ ಅಂತ ಒಂದು ಕಂಪನಿ ಮಾಡಿ, ಒಳ್ಳೆಯ ದ್ರಾಕ್ಷಿ ಎಲ್ಲಿಯದು ಅಂತ ಗಡಿ ಹಾಕಿಸಿದ. 300ಕ್ಕೂ ಹೆಚ್ಚು ಗ್ರಾನೈಟ್ ಗಡಿಕಲ್ಲು ನೆಡಿಸಿದರು, ಎಲ್ಡರ್ ಗಿಡ ಕೀಳಿಸಿದರು. ಎಂಥಾ ಗಟ್ಟಿ ಮನುಷ್ಯ ಅಂತ ಟ್ರೈನಿನಲ್ಲಿ ಹೊಗಳಿದ್ದೆ. ಆಮೇಲೆ ಓದಿದೆ, ಆ ಕಂಪನಿ ವಿರುದ್ಧ 1757ರಲ್ಲಿ ಪೋರ್ಟೊ ಜನ ದಂಗೆ ಎದ್ದಾಗ ಅನೇಕರನ್ನು ಗಲ್ಲಿಗೆ ಹಾಕಿಸಿದ. ಹೊಗಳಿದ್ದನ್ನು ವಾಪಸ್ ತಗೊಂಡಿದ್ದೇನೆ.

ಪೋರ್ಟ್ ಹೇಗೆ ಸಿಹಿ ಅಂತ ಅಮ್ಮ ಫೋನಿನಲ್ಲಿ ಕೇಳಿದರು. ರಸ ಹುದುಗುತ್ತಿರುವಾಗಲೇ ಮಧ್ಯದಲ್ಲಿ ಬ್ರಾಂಡಿ ಸೇರಿಸುತ್ತಾರೆ. ಹುದುಗು ಅಲ್ಲಿಗೇ ನಿಲ್ಲುತ್ತದೆ, ಸಕ್ಕರೆ ಉಳಿಯುತ್ತದೆ. ಅಷ್ಟೇ ಅಮ್ಮ.

ಅಗೋ, ಬೆಟ್ಟದ ಮೇಲೆ ಆ ಹಾಳುಬಿದ್ದ ಮೆಟ್ಟಿಲು ತೋಟ ನೋಡಿದಿರಾ? ಕ್ಯಾಮೆರಾ ಅಲ್ಲಾಡಿದೆ, ಕ್ಷಮಿಸಿ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನಿನಂಥ ಹುಳ ಬೇರು ತಿಂದು ತೋಟಕ್ಕೆ ತೋಟವನ್ನೇ ಒಣಗಿಸಿತು. ಬಿಟ್ಟುಹೋದ ಮೆಟ್ಟಿಲುಗಳಿಗೆ ಮೊರ್ತೋರಿಯು ಅನ್ನುತ್ತಾರೆ, ಆ ಪದದಲ್ಲೇ ಸಾವು ಇದೆ. ಕೊನೆಗೆ ಅಮೆರಿಕದ ಬಳ್ಳಿಯ ಬೇರಿಗೆ ಇಲ್ಲಿನ ದ್ರಾಕ್ಷಿ ಕಸಿ ಕಟ್ಟಿ ಉಳಿಸಿಕೊಂಡರು. ನಮ್ಮ ಬೆಂಗಳೂರು ಬ್ಲೂ ಕೂಡ ಅದೇ ಅಮೆರಿಕದ ಬಳ್ಳಿಯ ನೆಂಟ. ನನಗೆ ಇದು ಗೊತ್ತಾದಾಗ ಬಹಳ ಖುಷಿಯಾಯಿತು.

ಇದು ಪಿನ್ಯಾವ್ ಸ್ಟೇಷನ್. 1937ರ ನೀಲಿ ಟೈಲ್ಸ್, 24 ಚಿತ್ರಗಳು. ಕೊಯ್ಲು, ಬುಟ್ಟಿ ಹೊತ್ತವರು, ಪೀಪಾಯಿ ಸಾಗಿಸುವ ದೋಣಿ. ಆ ದೋಣಿಗಳು ಹರಿವಿನ ಜೊತೆ ಪೋರ್ಟೊ ಎದುರು ದಡದ ಗಾಯಾ ಊರಿನ ಗೋದಾಮಿಗೆ ಹೋಗುತ್ತಿದ್ದವು. ನದಿ ಆಗ ಹೀಗೆ ಸುಮ್ನೆ ಇರಲಿಲ್ಲ, ಅಣೆಕಟ್ಟು ಬಂದ ಮೇಲೆ ಹೀಗಾದದ್ದು. ಡೌರೊದ ನಕ್ಷೆ ಬರೆದ ಜೇಮ್ಸ್ ಫಾರೆಸ್ಟರ್ 1861ರಲ್ಲಿ ಇದೇ ನದಿಯ ವಲೇಯ್ರಾ ಕಂದರದಲ್ಲಿ ದೋಣಿ ಮಗುಚಿ ಮುಳುಗಿಹೋದರು, ದೇಹ ಸಿಗಲಿಲ್ಲ. ಅದೇ ದೋಣಿಯಲ್ಲಿದ್ದ ಅಂತೋನಿಯಾ ಫೆರೇರಾ ಬದುಕಿದರು, ಅಗಲವಾದ ಲಂಗ ತೇಲಿಸಿತು ಅಂತ ಇಲ್ಲಿ ಕತೆ ಹೇಳುತ್ತಾರೆ. ಗಂಡ ತೀರಿಕೊಂಡ ಮೇಲೆ ತೋಟಗಳನ್ನು ನಡೆಸಿದ ಹೆಂಗಸು ಅವರು, ಅವರದ್ದೇ ಒಂದು ವಿಡಿಯೋ ಮಾಡಬೇಕು...

ಅಯ್ಯೋ, ಟ್ರೈನ್ ಬಂತು ನೋಡಿ. ಅಕ್ಕ ಬಲಗಡೆ ಓಡುತ್ತಿದ್ದಾಳೆ. ಅಕ್ಕಾ, ವಾಪಸ್ ಹೋಗುವಾಗ ಎಡಗಡೆ ಕಣೆ!