ನಿಮ್ಮದು ಯಾವೂರು?

ನಮಸ್ಕಾರ. ಕಾರಿನ ಕಿಟಕಿಯಾಚೆ ಕಾಣುತ್ತಿರುವುದು ಗ್ರೇಟ್ ಸೌತ್ ರೋಡ್. ಆಕ್ಲೆಂಡ್‌ನ ದಕ್ಷಿಣಕ್ಕಿರುವ ಓಟಾಹುಹು ಬಡಾವಣೆ. ಭಾನುವಾರ ಬೆಳಿಗ್ಗೆ, ರಸ್ತೆ ಖಾಲಿ. ಸುಮ್ನೆ ಇದನ್ನು ನೋಡಿದರೆ ಏನೂ ಅನ್ನಿಸುವುದಿಲ್ಲ, ಅಲ್ವಾ?

2017ರ ನವೆಂಬರ್ 11ರ ರಾತ್ರಿ ಇದೇ ಜಾಗದಲ್ಲಿ ನನ್ನ ಕಾರು ಒಂದೂವರೆ ಗಂಟೆ ನಿಂತಲ್ಲೇ ನಿಂತಿತ್ತು. ನಾವು ಇಲ್ಲಿಗೆ ಬಂದು ಆರು ತಿಂಗಳಾಗಿತ್ತಷ್ಟೇ. ಶಿಫ್ಟ್ ಮುಗಿಸಿ ಮನೆಗೆ ಹೊರಟಿದ್ದೆ. ಮುಂದೆ, ಹಿಂದೆ, ಪಕ್ಕದಲ್ಲಿ ಎಲ್ಲಿ ನೋಡಿದರೂ ಕೆಂಪು ಬಾವುಟ. ಕಾರಿನ ಬಾನೆಟ್ ಮೇಲೆ ಬಾವುಟ ಹೊದಿಸಿದ್ದಾರೆ, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಹುಡುಗರು ಕೂಗುತ್ತಿದ್ದಾರೆ, ಫುಟ್‌ಪಾತಿನಲ್ಲಿ ಹೆಂಗಸರು ಕುಣಿಯುತ್ತಿದ್ದಾರೆ. ಯಾವುದೋ ದೊಡ್ಡ ಜಾತ್ರೆ ಅಂದುಕೊಂಡೆ. ಕಿಟಕಿ ಇಳಿಸಿ ಒಬ್ಬನನ್ನು ಕೇಳಿದೆ. 'ಟೊಂಗಾ ಗೆದ್ದಿತು' ಅಂದ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ದೇಶ ಅದು. ಯಾರ ವಿರುದ್ಧ? 'ನ್ಯೂಜಿಲೆಂಡ್!'

ನ್ಯೂಜಿಲೆಂಡ್‌ನಲ್ಲೇ ನಿಂತು, ನ್ಯೂಜಿಲೆಂಡ್ ಸೋತಿದ್ದಕ್ಕೆ ಇಷ್ಟು ಖುಷಿ. ಈ ವಿಡಿಯೊ ಮಾಡಬೇಕು ಅನ್ನಿಸಿದ್ದು ಅವತ್ತು. ಮಾಡುತ್ತಿರುವುದು ಈಗ. ಸೋಮಾರಿತನ, ಬೇರೇನಿಲ್ಲ.

ಆಟ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ಇದು ರಗ್ಬಿ ಲೀಗ್. ಸಾಮಾನ್ಯವಾಗಿ ಟಿವಿಯಲ್ಲಿ ನ್ಯೂಜಿಲೆಂಡ್‌ನ ಆಲ್ ಬ್ಲ್ಯಾಕ್ಸ್ ತಂಡ ಆಡುವುದನ್ನು ನೋಡುತ್ತೀರಲ್ಲ, ಅದು ರಗ್ಬಿ ಯೂನಿಯನ್, 15 ಜನರದ್ದು. ಲೀಗ್‌ನಲ್ಲಿ 13 ಜನ. ಚೆಂಡು ಹಿಡಿದವನನ್ನು ಎದುರಾಳಿಗಳು ಹಿಡಿದು ಕೆಡವುತ್ತಾರೆ, ಅವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ ಆಟ ಮುಂದುವರಿಸುತ್ತಾನೆ. ಆರು ಸಲ ಕೆಡವಿಸಿಕೊಂಡರೆ ಚೆಂಡು ಆ ಕಡೆಯವರಿಗೆ. ಕಬಡ್ಡಿ ನೋಡಿ ಬೆಳೆದವರಿಗೆ ಹತ್ತೇ ನಿಮಿಷದಲ್ಲಿ ಅರ್ಥವಾಗುತ್ತದೆ. ರೈಡರ್ ಕೈಯಲ್ಲಿ ಚೆಂಡು ಇದೆ ಅಂದುಕೊಳ್ಳಿ, ಮುಗಿಯಿತು.

ಇದು ಹುಟ್ಟಿದ್ದು ಕೂಲಿಯ ಜಗಳದಿಂದ. ಉತ್ತರ ಇಂಗ್ಲೆಂಡಿನ ಗಣಿ, ಗಿರಣಿಯ ಕೆಲಸಗಾರರು ಶನಿವಾರ ಆಡಲು ಹೋದರೆ ಆ ದಿನದ ಸಂಬಳ ಹೋಗುತ್ತಿತ್ತು. ಅದನ್ನು ತುಂಬಿಕೊಡಿ ಎಂದು ಅಲ್ಲಿನ ಕ್ಲಬ್‌ಗಳು ಕೇಳಿದವು. ಲಂಡನ್ನಿನ ದೊಡ್ಡವರು ಆಗಲ್ಲ ಅಂದರು. ಉತ್ತರದವರು 1895ರಲ್ಲಿ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಬೇರೆಯಾದರು. ಆಮೇಲೆ ಆಟ ಸಿಡ್ನಿಗೆ, ಬ್ರಿಸ್ಬೇನ್‌ಗೆ, ಆಕ್ಲೆಂಡ್‌ಗೆ ಬಂತು. ಬಂದದ್ದು ಅಲ್ಲೇ ಬೇರು ಬಿಟ್ಟಿತು, ಜಗತ್ತೆಲ್ಲ ಹರಡಲಿಲ್ಲ. ಹಾಗಾಗಿ ಬಹಳ ವರ್ಷ ಅಂತರರಾಷ್ಟ್ರೀಯ ಪಂದ್ಯ ಅಂದರೆ ಅದೇ ಮೂರು ಮನೆಯ ಕಥೆ: ಆಸ್ಟ್ರೇಲಿಯಾ, ಇಂಗ್ಲೆಂಡ್ ಅಥವಾ ಗ್ರೇಟ್ ಬ್ರಿಟನ್, ನ್ಯೂಜಿಲೆಂಡ್. ಗೆಲ್ಲುವುದು ಹೆಚ್ಚಾಗಿ ಆಸ್ಟ್ರೇಲಿಯಾ.

ಆ ರಾತ್ರಿ ಅದು ಅಲ್ಲಾಡಿದ್ದು ಒಬ್ಬ ಹುಡುಗನಿಂದ. ಜೇಸನ್ ಟೌಮಲೊಲೊ. ಹುಟ್ಟಿದ್ದು ಆಕ್ಲೆಂಡ್‌ನಲ್ಲಿ. ನ್ಯೂಜಿಲೆಂಡ್ ಪರ ಆಡಿದವನು, ಆ ಕಾಲಕ್ಕೆ ಜಗತ್ತಿನ ಅತ್ಯುತ್ತಮ ಫಾರ್ವರ್ಡ್‌ಗಳಲ್ಲಿ ಒಬ್ಬ. ವಿಶ್ವಕಪ್ ಶುರುವಾಗಲು ಕೆಲವೇ ವಾರ ಇದ್ದಾಗ, 'ನಾನು ಈ ಸಲ ಟೊಂಗಾಗೆ ಆಡುತ್ತೇನೆ' ಅಂದುಬಿಟ್ಟ. ಆಸ್ಟ್ರೇಲಿಯಾದಿಂದ ಆಂಡ್ರೂ ಫಿಫಿಟಾ ಕೂಡ ಹಾಗೇ ಮಾಡಿದ. ಇನ್ನೂ ಕೆಲವರು ಹಿಂಬಾಲಿಸಿದರು. ಒಂದು ಲಕ್ಷದ ಆಸುಪಾಸು ಜನ ಇರುವ ದೇಶ ಟೊಂಗಾ. ನಮ್ಮ ಹಾಸನ ಪಟ್ಟಣದಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದಾರೆ. ಹ್ಯಾಮಿಲ್ಟನ್‌ನಲ್ಲಿ ಪಂದ್ಯ. ನ್ಯೂಜಿಲೆಂಡ್ ತನ್ನ ಯುದ್ಧಕುಣಿತ ಹಾಕಾ ಮಾಡುತ್ತಿರುವಾಗಲೇ ಟೊಂಗಾದವರು ಎದುರಿಗೆ ನಿಂತು ತಮ್ಮ ಯುದ್ಧಕುಣಿತ ಸಿಪಿ ಟಾವು ಶುರು ಮಾಡಿದರು. ಮಧ್ಯಂತರಕ್ಕೆ 16–2 ಹಿಂದೆ. ಮುಗಿದಾಗ 28–22, ಟೊಂಗಾ ಮುಂದೆ.

ಮಾರನೇ ದಿನ ಕೆಲಸದಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಆಕ್ಲೆಂಡ್‌ನಲ್ಲಿ ಹುಟ್ಟಿ, ಇಲ್ಲೇ ಆಟ ಕಲಿತವನು ಟೊಂಗಾದವನು ಹೇಗಾಗುತ್ತಾನೆ?

ನನಗೆ ಆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ಬೆಂಗಳೂರಿನಲ್ಲಿ ಯಾರನ್ನಾದರೂ 'ನಿಮ್ಮದು ಯಾವೂರು?' ಅಂತ ಕೇಳಿ. ವಾಣಿವಿಲಾಸ ಆಸ್ಪತ್ರೆಯಲ್ಲಿ ಹುಟ್ಟಿ, ಬಸವನಗುಡಿಯಲ್ಲಿ ಬೆಳೆದು, ತಿಪಟೂರಿಗೆ ವರ್ಷಕ್ಕೊಮ್ಮೆಯೂ ಹೋಗದವನು 'ನಮ್ಮದು ತಿಪಟೂರು' ಅನ್ನುತ್ತಾನೆ. ಸುಳ್ಳು ಹೇಳುತ್ತಿದ್ದಾನಾ? ಇಲ್ಲ. ಊರು ಅಂದರೆ ಅಜ್ಜಿ ಇದ್ದ ಊರು.

ರಗ್ಬಿ ಲೀಗ್ ನಿಯಮವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ನೀನು ಆ ದೇಶದಲ್ಲಿ ಹುಟ್ಟಿರಬೇಕು. ಇಲ್ಲವೇ ಅಪ್ಪ–ಅಮ್ಮ, ಅಜ್ಜ–ಅಜ್ಜಿಯಲ್ಲಿ ಒಬ್ಬರಾದರೂ ಅಲ್ಲಿ ಹುಟ್ಟಿರಬೇಕು. ಅದೂ ಇಲ್ಲದಿದ್ದರೆ ಐದು ವರ್ಷ ಅಲ್ಲೇ ವಾಸ ಮಾಡಿರಬೇಕು. ಪಾಸ್‌ಪೋರ್ಟ್ ಇರಲೇಬೇಕು ಎಂದೇನಿಲ್ಲ. ಜನ ಇದನ್ನು ಗ್ರ್ಯಾನಿ ರೂಲ್ ಅನ್ನುತ್ತಾರೆ. ಅಜ್ಜಿ ರೂಲ್ ಅಂದರೆ ನನಗೆ ಇನ್ನೂ ಇಷ್ಟ.

ಇದರ ಮೇಲೆ ಒಂದು ಗಂಟು ಇದೆ. ಆಸ್ಟ್ರೇಲಿಯಾ, ಇಂಗ್ಲೆಂಡ್, ನ್ಯೂಜಿಲೆಂಡ್ ಮೂರೂ ಟಯರ್ ಒನ್. ಉಳಿದವರು ಅದರ ಕೆಳಗೆ. ಈ ಮೂರರಲ್ಲಿ ಒಂದಕ್ಕೆ ಆಡಿದವನು ಇನ್ನೊಂದಕ್ಕೆ ಹಾರುವಂತಿಲ್ಲ. ಆದರೆ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹೋಗಬಹುದು. ಜೇಮ್ಸ್ ಟೆಡೆಸ್ಕೊ 2013 ಮತ್ತು 2017ರ ವಿಶ್ವಕಪ್‌ನಲ್ಲಿ ಇಟಲಿಗೆ ಆಡಿದ. ಮುಂದಿನ ವಿಶ್ವಕಪ್‌ನಲ್ಲಿ ಅವನೇ ಆಸ್ಟ್ರೇಲಿಯಾ ನಾಯಕ, ಕಪ್ ಎತ್ತಿದ. ಅತ್ತ ಸಿಡ್ನಿಯ ಹುಡುಗ ವಿಕ್ಟರ್ ರ‍್ಯಾಡ್ಲಿ, ಅಪ್ಪ ಶೆಫೀಲ್ಡ್‌ನವರು ಎಂದು ಇಂಗ್ಲೆಂಡ್ ಜೆರ್ಸಿ ಹಾಕಿದ.

'ಬಾಡಿಗೆ ಜೆರ್ಸಿ' ಎಂದು ಇದನ್ನು ಬೈಯುವವರು ಬಹಳ. ಅವರ ಮಾತಿನಲ್ಲಿ ನಿಜ ಇಲ್ಲ ಅನ್ನಲ್ಲ. ತಂಡದಲ್ಲಿ ಆ ದೇಶದ ನೆಲ ತುಳಿದವರೇ ಕಮ್ಮಿ ಇದ್ದರೆ, ಅಲ್ಲಿನ ಹಳ್ಳಿಯ ಹುಡುಗನಿಗೆ ಏನು ಸಿಕ್ಕಿತು? ಆದರೆ ಟೊಂಗಾ, ಅದರ ನೆರೆಯ ದ್ವೀಪ ದೇಶ ಸಮೋವಾ ವಿಷಯದಲ್ಲಿ ಈ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಯಾಕೆ ಅಂದರೆ ಪಕ್ಕದ ಮನೆಯ ಅಜ್ಜಿ.

ನಾವಿರುವುದು ಪಾಪಟೋಟೋಟೋಯಿ. ಹೌದು, ಅಷ್ಟು ಟೋ ಇಲ್ಲ, ನಾನೇ ಜಾಸ್ತಿ ಸೇರಿಸಿದೆ. ಪಾಪಟೋಯಿಟೋಯಿ. ಬೇಲಿಯಾಚೆ ಟೊಂಗನ್ ಕುಟುಂಬ. ಮನೆಗೆ ಬಂದ ಮೊದಲ ವಾರ ಆ ಅಜ್ಜಿ ಬೇಲಿ ಹತ್ತಿರ ನಿಂತು ಕೇಳಿದ್ದು 'ಏನು ಕೆಲಸ' ಅಂತಲ್ಲ, 'ಯಾವ ಹಳ್ಳಿ' ಅಂತ. ಅರಸೀಕೆರೆ ಅಂದೆ. ಅವರ ಭಾಷೆಯಲ್ಲಿ ರ ಇಲ್ಲ. 'ಅಲಸಿಕೆಲೆ' ಅಂದರು. ಎರಡು ಸಲ ಹೇಳಿ ನೋಡಿದರು, ನಾಲಿಗೆಗೆ ಸಲೀಸಾಗಿ ಕೂತಿತು. ಅವರ ಪದಗಳೂ ನಮ್ಮವುಗಳ ಹಾಗೆ ಸ್ವರದಲ್ಲೇ ಮುಗಿಯುತ್ತವೆ, ಅದಕ್ಕೇ ಇರಬೇಕು. ಅವತ್ತಿನಿಂದ ಅವರ ಮನೆಯಲ್ಲಿ ನನ್ನ ಹೆಸರೇ ಅಲಸಿಕೆಲೆ.

ಆ ತಲೆಮಾರಿನವರನ್ನು ನ್ಯೂಜಿಲೆಂಡ್ ಕರೆಸಿಕೊಂಡದ್ದು ಕಾರ್ಖಾನೆಗಳಿಗೆ ಕೈ ಬೇಕಿತ್ತು ಅಂತ. 1970ರ ದಶಕದಲ್ಲಿ ಆರ್ಥಿಕ ಸ್ಥಿತಿ ಕೆಟ್ಟಿತು. ಕೂಡಲೇ ಅದೇ ಜನ ಬೇಡವಾದರು. 1974ರಿಂದ 1976ರವರೆಗೆ ಪೊಲೀಸರು ಬೆಳಗಿನ ಜಾವ ಮನೆಗಳಿಗೆ ನುಗ್ಗಿ, ಹಾಸಿಗೆಯಿಂದ ಎಬ್ಬಿಸಿ, ವೀಸಾ ಮುಗಿದಿದೆಯಾ ತೋರಿಸು ಅನ್ನುತ್ತಿದ್ದರು. ಡಾನ್ ರೇಡ್ಸ್, ಅಂದರೆ ಮುಂಜಾವಿನ ದಾಳಿ, ಅಂತಲೇ ಅದಕ್ಕೆ ಹೆಸರು. ವೀಸಾ ಮುಗಿದವರಲ್ಲಿ ಬಿಳಿಯರು ಎಷ್ಟೋ ಜನ ಇದ್ದರು, ಅವರ ಬಾಗಿಲು ತಟ್ಟಿದ್ದು ತೀರಾ ಕಮ್ಮಿ. 2021ರ ಆಗಸ್ಟ್ 1ರಂದು ಪ್ರಧಾನಿ ಜಸಿಂಡಾ ಆರ್ಡರ್ನ್ ಆಕ್ಲೆಂಡ್ ಟೌನ್ ಹಾಲ್‌ನಲ್ಲಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಅದಕ್ಕೂ ಮುಂಚೆ ಸಮೋವನ್ನರ ಇಫೋಗಾ ಎಂಬ ಕ್ಷಮೆ ಬೇಡುವ ಪದ್ಧತಿಯಂತೆ ತಲೆಯ ಮೇಲೆ ದೊಡ್ಡ ಚಾಪೆ ಹೊದ್ದು ಕೂತಿದ್ದರು. ಸಮುದಾಯದವರು ಬಂದು ಆ ಚಾಪೆ ತೆಗೆದರು.

ಈಗ ಹೇಳಿ. ಒಂದು ಕಾಲಕ್ಕೆ 'ನಿನ್ನ ದೇಶಕ್ಕೆ ಹೋಗು' ಅನ್ನಿಸಿಕೊಂಡ ಅಜ್ಜಿಯ ಮೊಮ್ಮಗ 'ಸರಿ, ನಾನು ಅಜ್ಜಿ ದೇಶಕ್ಕೆ ಆಡುತ್ತೇನೆ' ಅಂದರೆ ಅದು ಬಾಡಿಗೆ ಜೆರ್ಸಿಯಾ?

ಅದೇ ವಿಶ್ವಕಪ್‌ನ ಸೆಮಿಫೈನಲ್ ನಾನು ನೋಡಿದ್ದು ಅವರ ಗ್ಯಾರೇಜಿನಲ್ಲಿ. ಇಲ್ಲಿ ಗ್ಯಾರೇಜ್ ಅಂದರೆ ಕಾರಿಗಲ್ಲ, ಜನಕ್ಕೆ. ನೆಲಕ್ಕೆ ಚಾಪೆ, ಗೋಡೆಗೆ ಟಿವಿ, ಮಧ್ಯೆ ಕಾವಾ ಎಂಬ ಬೇರಿನ ಪಾನೀಯ ತುಂಬಿದ ಬಟ್ಟಲು. ಪಂದ್ಯಕ್ಕೆ ಮೊದಲು ಎಲ್ಲರೂ ಎದ್ದು ನಿಂತು ಚರ್ಚ್ ಹಾಡು ಹಾಡಿದರು, ಟಿವಿಯಲ್ಲಿ ಇಡೀ ಸ್ಟೇಡಿಯಂ ಅದನ್ನೇ ಹಾಡುತ್ತಿತ್ತು. ಆಮೇಲೆ 'ಮಾತೆ ಮಾ ಟೊಂಗಾ' ಎಂಬ ಕೂಗು. ನಮ್ಮ ಕಿವಿಗೆ ಮಾತೆ ಅಂದರೆ ತಾಯಿ. ಅವರಲ್ಲಿ ಮಾತೆ ಅಂದರೆ ಸಾಯುವುದು. ಟೊಂಗಾಗಾಗಿ ಸಾಯುತ್ತೇವೆ ಅಂತ. ತಿನ್ನಲು ಲೂ ಕೊಟ್ಟರು. ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು ಹಾಕಿ ಬೇಯಿಸುತ್ತಾರೆ. ನನಗೆ ಅಂತ ಮಾಂಸ ಹಾಕದೆ ಒಂದು ಪೊಟ್ಟಣ ಬೇರೆ ಮಾಡಿದ್ದರು. ಬಾಯಿಗಿಟ್ಟರೆ ಪತ್ರೊಡೆಯ ದೂರದ ನೆಂಟ.

ಏಳು ನಿಮಿಷ ಉಳಿದಿತ್ತು. ಇಂಗ್ಲೆಂಡ್ 20, ಟೊಂಗಾ 0. ಗ್ಯಾರೇಜಿನಲ್ಲಿ ಮಾತಿಲ್ಲ. ಅಲ್ಲಿಂದ ಒಂದು ಟ್ರೈ, ಅಂದರೆ ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೊತ್ತಿ ಅಂಕ ಗಳಿಸುವುದು. ಇನ್ನೊಂದು. ಮತ್ತೊಂದು. 20–18. ಕೊನೇ ಸೆಕೆಂಡುಗಳಲ್ಲಿ ಫಿಫಿಟಾ ಗೆರೆಯ ಕಡೆ ನುಗ್ಗಿದ, ಇಂಗ್ಲೆಂಡ್‌ನವನ ಕೈ ತಗಲಿ ಚೆಂಡು ಜಾರಿತು, ಸೀಟಿ ಊದಲಿಲ್ಲ, ಪಂದ್ಯ ಮುಗಿಯಿತು. ಆ ಚೆಂಡಿನ ಬಗ್ಗೆ ನಮ್ಮ ಬೀದಿಯಲ್ಲಿ ಇವತ್ತಿಗೂ ತೀರ್ಮಾನ ಆಗಿಲ್ಲ. ಅಜ್ಜಿ ಟಿವಿ ಆರಿಸಿ, ಎಲ್ಲರಿಗೂ ಇನ್ನೊಂದು ಸುತ್ತು ಬಡಿಸಿದರು.

ಎರಡು ವರ್ಷದ ನಂತರ, 2019ರ ನವೆಂಬರ್ 2, ಈಡನ್ ಪಾರ್ಕ್. ಅಲ್ಲಿಗೆ ನಾನೇ ಹೋಗಿದ್ದೆ. ಈಗ ತೆರೆಯ ಮೇಲೆ ಬರುತ್ತಿರುವ ಅಲ್ಲಾಡುವ ಕ್ಲಿಪ್ ಅವತ್ತಿನದು. ಟೊಂಗಾ 16, ಆಸ್ಟ್ರೇಲಿಯಾ 12. ಉಳಿದಿಬ್ಬರು ದೊಡ್ಡಣ್ಣಂದಿರನ್ನು ಬಿಟ್ಟು ಬೇರೆಯವರ ಕೈಯಲ್ಲಿ ಆಸ್ಟ್ರೇಲಿಯಾ ಸೋತಿದ್ದು 1978ರಲ್ಲಿ, ಫ್ರಾನ್ಸ್ ವಿರುದ್ಧ. ಅದಾದ ಮೇಲೆ ಇದೇ ಮೊದಲು. ಕೊನೆಯ ಸೀಟಿ ವಿಡಿಯೊದಲ್ಲಿ ಇಲ್ಲ, ಮೆಮೊರಿ ಕಾರ್ಡ್ ಅಷ್ಟರಲ್ಲಿ ತುಂಬಿತ್ತು. ಸ್ಟೇಡಿಯಂಗೆ ಬರುವಾಗ ಟ್ರಾಫಿಕ್ ಸಿಗ್ನಲ್‌ನ ಹನ್ನೆರಡು ನಿಮಿಷ ಮಾತ್ರ ಚೆನ್ನಾಗಿ ರೆಕಾರ್ಡ್ ಆಗಿದೆ.

ಟೊಂಗಾ ಹಾಕಿದ ದಾರಿಯಲ್ಲಿ ಸಮೋವಾ ಇನ್ನೂ ಮುಂದೆ ಹೋಯಿತು. 2021ರ ವಿಶ್ವಕಪ್ ಕೊರೊನಾದಿಂದಾಗಿ 2022ರಲ್ಲಿ ಇಂಗ್ಲೆಂಡ್‌ನಲ್ಲಿ ನಡೆಯಿತು. ಜರೋಮ್ ಲುವಾಯ್, ಬ್ರಯಾನ್ ಟೊಓ ಥರದವರು ಸಮೋವಾ ಆರಿಸಿಕೊಂಡಿದ್ದರು. ಮೊದಲ ಪಂದ್ಯದಲ್ಲಿ ಇಂಗ್ಲೆಂಡ್ ಅವರಿಗೆ 60–6ರಲ್ಲಿ ಹೊಡೆಯಿತು. ನಾನೂ ಟಿವಿ ಆರಿಸಿ ಮಲಗಿದೆ. ನಾಲ್ಕು ವಾರದಲ್ಲಿ ಅದೇ ಎರಡು ತಂಡ ಸೆಮಿಫೈನಲ್‌ನಲ್ಲಿ ಎದುರಾದವು. 80 ನಿಮಿಷಕ್ಕೆ 26–26. ಹೆಚ್ಚುವರಿ ಸಮಯದಲ್ಲಿ ಮೊದಲು ಯಾರು ಅಂಕ ಹಾಕುತ್ತಾರೋ ಅವರದೇ ಗೆಲುವು. ಸಮೋವಾದ ಸ್ಟೀಫನ್ ಕ್ರೈಟನ್ ಡ್ರಾಪ್ ಗೋಲ್ ಒದ್ದ, ಅಂದರೆ ಚೆಂಡನ್ನು ನೆಲಕ್ಕೆ ಬಿಟ್ಟು ಕಂಬಗಳ ನಡುವೆ ಒದ್ದು ಒಂದು ಅಂಕ. 27–26. ಫೈನಲ್‌ನಲ್ಲಿ ಆಸ್ಟ್ರೇಲಿಯಾ 30–10ರಲ್ಲಿ ಗೆದ್ದಿತು. ಆದರೆ ಆ ವಾರ ಇಲ್ಲಿ ಕಾರುಗಳ ಮೇಲಿದ್ದ ಬಾವುಟದ ಲೆಕ್ಕ ತೆಗೆದರೆ ಗೆದ್ದವರು ಬೇರೆ.

ನನ್ನ ತಕರಾರು ಅಜ್ಜಿ ರೂಲ್ ಮೇಲಲ್ಲ, ದುಡ್ಡಿನ ಮೇಲೆ. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ ಮೂರು ಸಲ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ಹುಡುಗರು ಕಾದಾಡುತ್ತಾರೆ. ಸ್ಟೇಟ್ ಆಫ್ ಒರಿಜಿನ್. 2017ರ ಹೊತ್ತಿಗೆ ಅದರ ಒಂದು ಪಂದ್ಯಕ್ಕೆ ಆಟಗಾರನಿಗೆ 30,000 ಡಾಲರ್. ದೇಶಕ್ಕೆ ಆಡಿದರೆ ಟೊಂಗಾ ಕೊಡಲು ಸಾಧ್ಯವಿದ್ದದ್ದು ಅದರ ಒಂದು ಚೂರು. ನ್ಯೂಜಿಲೆಂಡ್ ಜೆರ್ಸಿಯ ಜೊತೆ ಟೌಮಲೊಲೊ, ಆಸ್ಟ್ರೇಲಿಯಾ ಜೆರ್ಸಿಯ ಜೊತೆ ಫಿಫಿಟಾ ಬಿಟ್ಟುಬಂದದ್ದು ಸಣ್ಣ ಮೊತ್ತ ಅಲ್ಲ. ಕೂಲಿ ತಪ್ಪುತ್ತದೆ ಎಂದು ಹುಟ್ಟಿದ ಆಟ ಇದು, ನೆನಪಿದೆಯಾ?

ಇನ್ನೊಂದು ತಕರಾರು. 2022ರಲ್ಲಿ ಪುರುಷರ ವಿಶ್ವಕಪ್‌ನಲ್ಲಿ 16 ತಂಡ ಇದ್ದವು. ಜಮೈಕಾ, ಗ್ರೀಸ್ ಮೊದಲ ಸಲ ಬಂದಿದ್ದವು. ಮುಂದಿನದನ್ನು ನಡೆಸಬೇಕಿದ್ದ ಫ್ರಾನ್ಸ್ 2023ರಲ್ಲಿ ಕೈಚೆಲ್ಲಿತು. 2026ರದ್ದನ್ನು ಆಸ್ಟ್ರೇಲಿಯಾ ವಹಿಸಿಕೊಂಡಿತು, ಕೆಲವು ಪಂದ್ಯ ಪಕ್ಕದ ದೇಶ ಪಪುವಾ ನ್ಯೂಗಿನಿಗೆ ಸಿಕ್ಕವು, ತಂಡಗಳು ಮಾತ್ರ 10ಕ್ಕೆ ಇಳಿದವು. ಬೆಳೆಸುತ್ತೇವೆ ಅನ್ನುವವರು ಪಂಕ್ತಿಯಲ್ಲಿ ಎಲೆ ಕಮ್ಮಿ ಹಾಕಿದರೆ ಹೇಗೆ?

ಪಪುವಾ ನ್ಯೂಗಿನಿ ಕಥೆಯೇ ಬೇರೆ. ಅಲ್ಲಿ ಅಜ್ಜಿಯನ್ನು ಹುಡುಕುವ ಅಗತ್ಯ ಅಷ್ಟಿಲ್ಲ, ರಗ್ಬಿ ಲೀಗ್ ಅಲ್ಲಿ ನಮ್ಮ ಕ್ರಿಕೆಟ್ ಇದ್ದ ಹಾಗೆ. ಜಸ್ಟಿನ್ ಓಲಮ್ ಬೆಟ್ಟದ ಹಳ್ಳಿಯಿಂದ ಬಂದು, ಅಲ್ಲೇ ಭೌತಶಾಸ್ತ್ರದಲ್ಲಿ ಪದವಿ ಮಾಡಿ, 2020ರಲ್ಲಿ ಮೆಲ್ಬರ್ನ್ ಸ್ಟಾರ್ಮ್ ತಂಡದ ಜೊತೆ ಆಸ್ಟ್ರೇಲಿಯಾದ ದೊಡ್ಡ ಕ್ಲಬ್ ಲೀಗ್ ಎನ್‌ಆರ್‌ಎಲ್‌ನ ಕಪ್ ಗೆದ್ದ. 2028ರಿಂದ ಆ ದೇಶದ್ದೇ ತಂಡ ಎನ್‌ಆರ್‌ಎಲ್‌ಗೆ ಬರುತ್ತದೆ. ಆಸ್ಟ್ರೇಲಿಯಾ ಸರ್ಕಾರ ಹತ್ತು ವರ್ಷಕ್ಕೆ 600 ಮಿಲಿಯನ್ ಡಾಲರ್ ಕೊಡುತ್ತಿದೆ. ಚೀನಾ ಆ ಕಡೆ ಕಾಲಿಡಬಾರದು ಎಂಬ ಲೆಕ್ಕಾಚಾರವೂ ಅದರಲ್ಲಿದೆ. ಇರಲಿ, ಮೈದಾನ ಆದರೆ ಸಾಕು.

ಇನ್ನು ನಮ್ಮ ಮನೆ ವಿಷಯ. ಮಗಳು ಇಲ್ಲೇ ಹುಟ್ಟಿದವಳು, ಈಗ ಶಾಲೆಯಲ್ಲಿ ಟ್ಯಾಗ್ ರಗ್ಬಿ, ಅಂದರೆ ಕೆಡವುವ ಬದಲು ಸೊಂಟದ ಪಟ್ಟಿ ಕೀಳುವ ರಗ್ಬಿ, ಆಡುತ್ತಾಳೆ. ಬೇಲಿಯಾಚೆಯ ಹುಡುಗ ಕೇಳಿದನಂತೆ, 'ನೀನು ದೊಡ್ಡವಳಾದ ಮೇಲೆ ಯಾರಿಗೆ ಆಡ್ತೀಯಾ?' ಬಂದು ನನ್ನನ್ನು ಕೇಳಿದಳು. ಲೀಗ್ ಲೆಕ್ಕದಲ್ಲಿ ನ್ಯೂಜಿಲೆಂಡ್‌ಗೂ ಆಗುತ್ತದೆ, ಇಂಡಿಯಾಕ್ಕೂ ಆಗುತ್ತದೆ ಅಂದೆ. ಆದರೆ ನಮ್ಮ ಸರ್ಕಾರದ ಲೆಕ್ಕ ಬೇರೆ. 2008ರಿಂದ ಭಾರತ ತಂಡಕ್ಕೆ ಭಾರತದ ಪಾಸ್‌ಪೋರ್ಟೇ ಬೇಕು, ಬೇರೆ ದೇಶದ ಪೌರತ್ವ ಇರುವ ಭಾರತ ಮೂಲದವರ ಒಸಿಐ ಕಾರ್ಡ್ ಸಾಲದು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಗೊತ್ತಲ್ಲ? ಹುಟ್ಟಿದ್ದು ಆಸ್ಟ್ರೇಲಿಯಾ, ತಾಯಿಯ ಕಡೆಯವರು ಮುಂಬೈನವರು. ಭಾರತಕ್ಕೆ ಫುಟ್‌ಬಾಲ್ ಆಡಬೇಕು ಎಂದು 2025ರಲ್ಲಿ ಆಸ್ಟ್ರೇಲಿಯಾ ಪೌರತ್ವವನ್ನೇ ಬಿಟ್ಟ. ಟೌಮಲೊಲೊ ಹಾಗೆ ಏನನ್ನೂ ಬಿಡಬೇಕಾಗಿ ಬರಲಿಲ್ಲ, ಜೆರ್ಸಿ ಒಂದನ್ನು ಬಿಟ್ಟು.

ಇಷ್ಟೆಲ್ಲ ಏಳು ವರ್ಷದವಳಿಗೆ ಬೇಕಾ? 'ಹೋಗು, ಅಜ್ಜಿಯನ್ನು ಕೇಳು' ಅಂದೆ. ವಾಟ್ಸಾಪ್‌ನಲ್ಲಿ ಅರಸೀಕೆರೆಗೆ ವಿಡಿಯೊ ಕಾಲ್ ಹೋಯಿತು. ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡು, ಕನ್ನಡಕ ಸರಿಮಾಡಿಕೊಂಡು, ಅಮ್ಮ ನನ್ನನ್ನು ಕರೆದರು.

'ಲೋ, ಆ ಆಟದಲ್ಲಿ ಎತ್ತಿ ನೆಲಕ್ಕೆ ಹಾಕ್ತಾರಂತಲ್ಲೋ. ಮಗು ಹಲ್ಲಿಗೆ ಏನಾದ್ರೂ ಹಾಕ್ಕೊಂಡು ಆಡುತ್ತೋ, ಹಾಗೇ ಬಿಟ್ಟಿದೀಯೋ?'